ಮೂವತ್ತೆಂಟೋ, ನಲವತ್ತೈದೋ? ಒಂದು ಗುಂಡಿನ ಅಳತೆಯ ಹಿಂದಿನ ಚರಿತ್ರೆ

ಅಮೆರಿಕದ ಬಂದೂಕಿನಂಗಡಿಗೆ ಒಬ್ಬ ಗೃಹಸ್ಥ ಹೋಗಿ ‘ಮನೆಯ ರಕ್ಷಣೆಗೆ ಒಂದು ಪಿಸ್ತೂಲು ಬೇಕು’ ಎಂದರೆ ಅವನ ಮುಂದೆ ಬರುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಒಂಬತ್ತು ಬೇಕೋ, ನಲವತ್ತೈದು ಬೇಕೋ? ಒಂಬತ್ತು ಎಂದರೆ 9 ಮಿಲಿಮೀಟರ್ ದಪ್ಪದ ಗುಂಡು. ನಲವತ್ತೈದು ಎಂದರೆ ಒಂದು ಇಂಚಿನ ನೂರರಲ್ಲಿ 45 ಭಾಗ, ಅಂದರೆ ಸುಮಾರು ಹನ್ನೊಂದೂವರೆ ಮಿಲಿಮೀಟರ್. ಎರಡರ ನಡುವಿನ ಅಂತರ ಹೆಚ್ಚುಕಡಿಮೆ ಒಂದು ಅಕ್ಕಿಕಾಳಿನ ದಪ್ಪ. ಈ ಒಂದು ಅಕ್ಕಿಕಾಳಿನ ದಪ್ಪದ ಬಗ್ಗೆ ಅಲ್ಲಿ ನೂರು ವರ್ಷಗಳಿಂದ ವಾದ ನಡೆದಿದೆ, ಪುಸ್ತಕಗಳು ಬಂದಿವೆ, ಸೈನ್ಯ ಮತ್ತು ಪೊಲೀಸ್ ಇಲಾಖೆಗಳು ಮತ್ತೆ ಮತ್ತೆ ಪಿಸ್ತೂಲು ಬದಲಾಯಿಸಿವೆ.

ಈ ವಾದದಲ್ಲಿ ನಲವತ್ತೈದರ ಪರವಾಗಿರುವವರು ತಪ್ಪದೆ ಹೇಳುವ ಒಂದು ಕಥೆಯಿದೆ. ‘ಫಿಲಿಪ್ಪೀನ್ಸಿನಲ್ಲಿ ಮೋರೋ ಎಂಬ ಮತಾಂಧ ಮುಸ್ಲಿಮರಿದ್ದರು. ಅಮಲೇರಿಸಿಕೊಂಡು ಖಡ್ಗ ಹಿಡಿದು ಓಡಿ ಬರುತ್ತಿದ್ದರು. ನಮ್ಮ ಸೈನಿಕರು ಮೂವತ್ತೆಂಟರ ಗುಂಡು ಆರಾರು ಹೊಡೆದರೂ ಅವರು ನಿಲ್ಲುತ್ತಿರಲಿಲ್ಲ. ಅದಕ್ಕಾಗಿಯೇ ನಲವತ್ತೈದು ಹುಟ್ಟಿತು’ - ಇದು ಆ ಕಥೆ. ಬಂದೂಕಿನ ಬಗ್ಗೆ ಬರೆಯುವವರು ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ, ಅದು ಈಗ ಸ್ವತಃಸಿದ್ಧ ಸತ್ಯದಂತೆ ಚಲಾವಣೆಯಲ್ಲಿದೆ. ಈ ಕಥೆಯಲ್ಲಿ ನಿಜವೆಷ್ಟು? ಯಾರು ಯಾರ ಮನೆಗೆ ಹೋಗಿದ್ದರು? ಆತ್ಮರಕ್ಷಣೆ ಎಂಬ ಮಾತು ನಿಜವಾಗಿ ಯಾರಿಗೆ ಸಲ್ಲಬೇಕಿತ್ತು? ಈ ಪ್ರಶ್ನೆಗಳನ್ನು ಎತ್ತಿಕೊಂಡು ಚರಿತ್ರೆಯನ್ನು ನೋಡಿದರೆ, ಗುಂಡಿನ ಅಳತೆಗಿಂತ ದೊಡ್ಡದಾದ ಸಂಗತಿಗಳು ಕಾಣುತ್ತವೆ.

ಎರಡು ಕೋಟಿ ಡಾಲರಿನ ದ್ವೀಪಗಳು

ಫಿಲಿಪ್ಪೀನ್ಸಿನ ದಕ್ಷಿಣದ ದ್ವೀಪಗಳಾದ ಮಿಂಡನಾವೋ ಮತ್ತು ಸುಲುವಿನಲ್ಲಿ ಇಸ್ಲಾಂ ನೆಲೆಯೂರಿದ್ದು ಸ್ಪೇನಿನವರು ಬರುವುದಕ್ಕಿಂತ ಬಹಳ ಹಿಂದೆ, ಅರಬ್ ಮತ್ತು ಮಲಯ ವ್ಯಾಪಾರಿಗಳ, ಧರ್ಮಬೋಧಕರ ಮೂಲಕ. ಹದಿನೈದನೇ ಶತಮಾನದ ಹೊತ್ತಿಗೆ ಸುಲುವಿನಲ್ಲಿ ಒಂದು ಸುಲ್ತಾನರ ಆಳ್ವಿಕೆಯೇ ಸ್ಥಾಪನೆಯಾಗಿತ್ತು. 1565ರಲ್ಲಿ ಸ್ಪೇನ್ ಬಂದು ಉತ್ತರದ ದ್ವೀಪಗಳನ್ನು ಕ್ರೈಸ್ತ ಮತಕ್ಕೆ ತಂದಿತು. ದಕ್ಷಿಣದಲ್ಲಿ ಮಾತ್ರ ಮುನ್ನೂರು ವರ್ಷ ಕಾದಾಡಿದರೂ ಪೂರ್ತಿ ಹಿಡಿತ ಅದಕ್ಕೆ ಸಿಗಲಿಲ್ಲ. ತನ್ನ ನಾಡಿನ ಮುಸ್ಲಿಮರನ್ನು ‘ಮೂರ್’ ಎಂದು ಕರೆದು ರೂಢಿಯಿದ್ದ ಸ್ಪೇನ್ ಇಲ್ಲಿನವರನ್ನೂ ‘ಮೋರೋ’ ಎಂದಿತು. ಅದು ಹೀಯಾಳಿಕೆಯ ಹೆಸರಾಗಿತ್ತು. ಕಾಲಾಂತರದಲ್ಲಿ ತೌಸುಗ್, ಮರನಾವೋ, ಮಗಿಂದನಾವೋ ಮೊದಲಾದ ಜನಾಂಗಗಳು ಅದೇ ಹೆಸರನ್ನು ಹೆಮ್ಮೆಯಿಂದ ತಮ್ಮದಾಗಿಸಿಕೊಂಡವು.

1898ರಲ್ಲಿ ಸ್ಪೇನ್ ಅಮೆರಿಕದ ಕೈಯಲ್ಲಿ ಸೋತಿತು. ಆ ವರ್ಷದ ಡಿಸೆಂಬರ್ 10ರಂದು ಪ್ಯಾರಿಸಿನಲ್ಲಿ ಒಪ್ಪಂದವಾಯಿತು. ಎರಡು ಕೋಟಿ ಡಾಲರ್ ಪಡೆದು ಸ್ಪೇನ್ ಇಡೀ ಫಿಲಿಪ್ಪೀನ್ಸನ್ನು ಅಮೆರಿಕಕ್ಕೆ ಒಪ್ಪಿಸಿತು. ತಾನು ಪೂರ್ತಿ ಆಳದೇ ಇದ್ದ ಸುಲುವೂ ಆ ವ್ಯಾಪಾರದಲ್ಲಿ ಸೇರಿತ್ತು. ಮಾರಿದವನಿಗೆ ಪೂರ್ತಿ ಒಡೆತನವಿರಲಿಲ್ಲ, ಕೊಂಡವನು ನೆಲದವರನ್ನು ಕೇಳಲಿಲ್ಲ.

ಉತ್ತರದಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಫಿಲಿಪಿನೋ ಪಡೆಗಳ ಜೊತೆ 1899ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ, ದಕ್ಷಿಣದಲ್ಲಿ ಇನ್ನೊಂದು ರಣರಂಗ ತೆರೆಯುವುದು ಅಮೆರಿಕಕ್ಕೆ ಬೇಡವಾಗಿತ್ತು. ಇಸ್ತಾಂಬುಲಿನಲ್ಲಿದ್ದ ಅಮೆರಿಕದ ರಾಯಭಾರಿ ಆಸ್ಕರ್ ಸ್ಟ್ರಾಸ್ ಸುಲ್ತಾನ್ ಎರಡನೇ ಅಬ್ದುಲ್ ಹಮೀದರನ್ನು ಕಂಡು, ಸುಲುವಿನ ಮುಸ್ಲಿಮರು ಅಮೆರಿಕದ ವಿರುದ್ಧ ನಿಲ್ಲದಂತೆ ಸಂದೇಶ ಕಳುಹಿಸಲು ಕೋರಿದರು. ಸುಲ್ತಾನರು ಮಕ್ಕಾದ ಮೂಲಕ ಆ ಸಂದೇಶ ತಲುಪಿಸಿದರು ಎಂದು ಸ್ಟ್ರಾಸ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1899ರ ಆಗಸ್ಟ್ 20ರಂದು ಜನರಲ್ ಬೇಟ್ಸ್ ಮತ್ತು ಸುಲುವಿನ ಸುಲ್ತಾನ್ ಎರಡನೇ ಜಮಾಲುಲ್ ಕಿರಾಮ್ ಒಪ್ಪಂದಕ್ಕೆ ಸಹಿ ಹಾಕಿದರು. ಧರ್ಮದಲ್ಲಿ ಕೈಹಾಕುವುದಿಲ್ಲ, ಸುಲ್ತಾನರ ಗೌರವಕ್ಕೆ ಧಕ್ಕೆ ತರುವುದಿಲ್ಲ ಎಂಬುದು ಮಾತು. ಉತ್ತರದ ಯುದ್ಧ ಮುಗಿಯಿತು. 1904ರ ಮಾರ್ಚಿನಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಆ ಒಪ್ಪಂದವನ್ನು ಏಕಪಕ್ಷೀಯವಾಗಿ ರದ್ದುಮಾಡಿದರು.

ನ್ಯಾಯವಾಗಿ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಮೋರೋ ಸಮಾಜದಲ್ಲಿ ಗುಲಾಮಗಿರಿಯಿತ್ತು, ಕಡಲ ದಾಳಿಗಳ ಹಳೆಯ ಚರಿತ್ರೆಯೂ ಇತ್ತು. ಅದನ್ನು ನಿಲ್ಲಿಸಲು ಬಂದೆವೆಂದು ಅಮೆರಿಕದ ಅಧಿಕಾರಿಗಳು ಹೇಳಿಕೊಂಡದ್ದು ಪೂರ್ತಿ ಸುಳ್ಳಲ್ಲ. ಆದರೆ ಗುಲಾಮಗಿರಿಯನ್ನು ತೆಗೆಯುವುದರ ಜೊತೆಗೇ ತಲೆಗಂದಾಯ ಬಂತು, ಹೊಸ ಕಾನೂನು ಬಂತು, ಸೈನ್ಯ ಬಂತು. ಬಂದೂಕಿನ ತುದಿಯಲ್ಲಿ ಬಂದ ಸುಧಾರಣೆಯನ್ನು ಅಲ್ಲಿನ ಜನ ದಾಳಿಯೆಂದೇ ಕಂಡರು.

ಮೂವತ್ತೆಂಟು ಬಂದದ್ದು ಹೇಗೆ?

1873ರಿಂದ ಅಮೆರಿಕದ ಸೈನ್ಯದಲ್ಲಿದ್ದ ರಿವಾಲ್ವರ್ ಕೋಲ್ಟ್ ಕಂಪನಿಯ .45. ಅದರ ಸೀಸದ ಗುಂಡು ಸುಮಾರು 16 ಗ್ರಾಂ ತೂಗುತ್ತಿತ್ತು. ಭಾರದ ಬಂದೂಕು, ಹಾರಿಸಿದಾಗ ಕೈಗೆ ಜೋರಾದ ಒದೆತ, ಒಂದೊಂದು ಗುಂಡಿಗೂ ಕುದುರೆಯನ್ನು ಹೆಬ್ಬೆರಳಿನಿಂದ ಎಳೆಯಬೇಕು, ಖಾಲಿ ತೋಟಾಗಳನ್ನು ಒಂದೊಂದಾಗಿ ಹೊರದಬ್ಬಬೇಕು. 1892ರಲ್ಲಿ ಸೈನ್ಯ .38 ರಿವಾಲ್ವರನ್ನು ಆಯ್ದುಕೊಂಡಿತು. ಗುಂಡಿನ ತೂಕ ಹತ್ತು ಗ್ರಾಮಿಗೂ ಕಡಿಮೆ. ಹಗುರ, ಒದೆತ ಕಡಿಮೆ, ಗುರಿ ಹಿಡಿಯುವುದು ಸುಲಭ, ಗಾಲಿಯನ್ನು ಪಕ್ಕಕ್ಕೆ ತೆರೆದು ಬೇಗನೆ ತೋಟಾ ತುಂಬಬಹುದು. ಶಾಂತಿಕಾಲದಲ್ಲಿ ಲೆಕ್ಕ ಹಾಕಿದವರಿಗೆ ಇದು ಜಾಣ ಆಯ್ಕೆಯೇ ಆಗಿತ್ತು.

ಫಿಲಿಪ್ಪೀನ್ಸಿನ ಕಾಡುಗಳಲ್ಲಿ ಆ ಲೆಕ್ಕ ತಪ್ಪಿತು. ದಟ್ಟ ಹುಲ್ಲಿನ ನಡುವಿನಿಂದ, ಹತ್ತು ಹೆಜ್ಜೆಯ ದೂರದಿಂದ ಖಡ್ಗ ಹಿಡಿದವನು ಎದ್ದು ಬಂದಾಗ ರೈಫಲ್ ಎತ್ತಲು ಸಮಯವಿರುತ್ತಿರಲಿಲ್ಲ. ಅಧಿಕಾರಿಯ ಕೈಯಲ್ಲಿದ್ದುದು ರಿವಾಲ್ವರ್ ಮಾತ್ರ. ಗುಂಡು ತಾಗಿದರೂ ಎದುರಾಳಿ ಬೀಳುತ್ತಿಲ್ಲ ಎಂಬ ದೂರುಗಳು ಬರತೊಡಗಿದವು. ಸೈನ್ಯ ಮೂಲೆಗಿಟ್ಟಿದ್ದ 1873ರ ಹಳೆಯ .45ಗಳನ್ನು ದುರಸ್ತಿ ಮಾಡಿಸಿ ದ್ವೀಪಗಳಿಗೆ ಕಳುಹಿಸಿತು.

ಈ ದೂರುಗಳ ಪೈಕಿ ದಾಖಲೆಯಲ್ಲಿ ಅತ್ಯಂತ ವಿವರವಾಗಿರುವುದು ಆಂಟೋನಿಯೋ ಕಾಸ್ಪಿ ಎಂಬ ಕೈದಿಯ ಪ್ರಕರಣ. 1905ರ ಅಕ್ಟೋಬರಿನಲ್ಲಿ ಸಮಾರ್ ದ್ವೀಪದಲ್ಲಿ ಅವನು ತಪ್ಪಿಸಿಕೊಳ್ಳಲು ಯತ್ನಿಸಿದಾಗ .38ರಿಂದ ನಾಲ್ಕು ಸಲ ತೀರಾ ಹತ್ತಿರದಿಂದ ಗುಂಡು ಹಾರಿಸಲಾಯಿತು. ಅವನು ಬೀಳಲಿಲ್ಲ. ಕೊನೆಗೆ ಬಂದೂಕಿನ ಹಿಡಿಯಿಂದ ಹಣೆಗೆ ಹೊಡೆದು ಕೆಡವಿದರು. ಸೈನ್ಯದ ವೈದ್ಯ ಲೂಯಿ ಲಗಾರ್ಡ್ ತಮ್ಮ ಗುಂಡೇಟಿನ ಗಾಯಗಳ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ. ಚಿಕಿತ್ಸೆಯ ನಂತರ ಅವನು ಗುಣಮುಖನಾದನು.

ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. ಸಮಾರ್ ಮೋರೋಗಳ ನಾಡಲ್ಲ. ಅದು ದೇಶದ ಮಧ್ಯಭಾಗದಲ್ಲಿರುವ, ಕ್ರೈಸ್ತರು ಹೆಚ್ಚಾಗಿರುವ ದ್ವೀಪ. ಗುಂಡು ತಾಗಿದರೂ ಬೀಳದ ಮನುಷ್ಯನ ಅತಿ ಪ್ರಸಿದ್ಧ ಉದಾಹರಣೆ ಮೋರೋ ನಾಡಿನದೇ ಅಲ್ಲ! ಆದರೂ ಜನಪ್ರಿಯ ಕಥೆಯಲ್ಲಿ ಉಳಿದುಕೊಂಡದ್ದು ಮೋರೋ ಮಾತ್ರ. ಏಕೆಂದರೆ ಆ ಕಥೆಗೆ ಒಬ್ಬ ‘ಮತಾಂಧ’ ಬೇಕಿತ್ತು.

ಹುಚ್ಚನೆಂಬ ಹಣೆಪಟ್ಟಿ

ಸ್ಪೇನಿನವರು ‘ಹುರಮೆಂತಾದೋ’ ಎಂದು ಕರೆದವರು ನಿಜಕ್ಕೂ ಇದ್ದರು. ಪ್ರತಿಜ್ಞೆ ಮಾಡಿದವನು ಎಂದು ಆ ಪದದ ಅರ್ಥ. ಸುಲುವಿನ ಜನ ಇದನ್ನು ‘ಪರಂಗ್ ಸಬೀಲ್’ ಎನ್ನುತ್ತಿದ್ದರು. ಸ್ನಾನ ಮಾಡಿ, ಬಿಳಿ ಬಟ್ಟೆ ತೊಟ್ಟು, ಮನೆಯವರಿಗೆ ವಿದಾಯ ಹೇಳಿ, ಸಾಯುವ ನಿರ್ಧಾರದಿಂದಲೇ ಖಡ್ಗ ಹಿಡಿದು ಹೊರಡುವವರು ಇವರು. ಅವರ ಕೈಯಲ್ಲಿ ಕೆಲವೊಮ್ಮೆ ಸಿಪಾಯಿಗಳು ಸತ್ತರು, ಕೆಲವೊಮ್ಮೆ ಪೇಟೆಯಲ್ಲಿದ್ದ ನಿರಾಯುಧ ಜನರೂ ಸತ್ತರು. ನಿರಪರಾಧಿಗಳ ಹತ್ಯೆಯನ್ನು ನಾವು ಯಾವ ಹೆಸರಿನಲ್ಲೂ ಸಮರ್ಥಿಸಲಾರೆವು. ಅದನ್ನು ಮುಚ್ಚಿಟ್ಟು ಚರಿತ್ರೆ ಬರೆಯುವುದೂ ಸರಿಯಲ್ಲ.

ಆದರೆ ಅದನ್ನು ಹುಚ್ಚು ಎಂದು ಕರೆದುಬಿಟ್ಟರೆ ಒಂದು ಅನುಕೂಲವಿದೆ. ಹುಚ್ಚನಿಗೆ ಕಾರಣಗಳಿರುವುದಿಲ್ಲ. ಅವನ ಊರು ಸುಟ್ಟದ್ದು, ಒಪ್ಪಂದ ಮುರಿದದ್ದು, ತಲೆಗಂದಾಯ ಹಾಕಿದ್ದು ಯಾವುದನ್ನೂ ಕೇಳಬೇಕಾಗಿಲ್ಲ. ‘ಇವನನ್ನು ನಿಲ್ಲಿಸಲು ಎಷ್ಟು ದಪ್ಪದ ಗುಂಡು ಬೇಕು?’ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ರಾಜಕೀಯದ ಪ್ರಶ್ನೆ ಯಂತ್ರಶಾಸ್ತ್ರದ ಪ್ರಶ್ನೆಯಾಗಿ ಬದಲಾದದ್ದು ಹೀಗೆ.

ಇದು ಅಮೆರಿಕ ಒಂದರದೇ ಯೋಚನೆಯಾಗಿರಲಿಲ್ಲ. 1895ರಲ್ಲಿ ವಾಯವ್ಯ ಗಡಿಯ ಚಿತ್ರಾಲಿನಲ್ಲಿ ಹೋರಾಡಿದ ಬ್ರಿಟಿಷರು, ತಮ್ಮ ಹೊಸ .303 ಗುಂಡು ಪಠಾಣರನ್ನು ನಿಲ್ಲಿಸುತ್ತಿಲ್ಲವೆಂದು ದೂರಿದರು. ಕಲ್ಕತ್ತಾದ ಹತ್ತಿರದ ಡಮ್‌ಡಮ್ ಕಾರ್ಖಾನೆಯಲ್ಲಿ ಮೈಯೊಳಗೆ ಹೊಕ್ಕು ಅರಳುವ ಗುಂಡು ತಯಾರಾಯಿತು. ಇಂದಿಗೂ ಜಗತ್ತಿನ ಭಾಷೆಗಳಲ್ಲಿ ಆ ಬಗೆಯ ಗುಂಡಿಗೆ ‘ಡಮ್‌ಡಮ್’ ಎಂಬ ನಮ್ಮ ಬಂಗಾಳದ ಊರಿನ ಹೆಸರೇ ಇದೆ. 1899ರ ಹೇಗ್ ಸಮ್ಮೇಳನದಲ್ಲಿ ಅದನ್ನು ನಿಷೇಧಿಸುವ ಘೋಷಣೆ ಬಂದಾಗ ವಿರೋಧಿಸಿದ್ದು ಬ್ರಿಟನ್ ಮತ್ತು ಅಮೆರಿಕ. ನಾಗರಿಕ ಸೈನಿಕ ಗಾಯವಾದರೆ ಹಿಂದೆ ಸರಿಯುತ್ತಾನೆ, ಅನಾಗರಿಕ ಹಾಗಲ್ಲ, ಅವನು ಮುನ್ನುಗ್ಗುತ್ತಲೇ ಇರುತ್ತಾನೆ - ಇದು ಬ್ರಿಟಿಷ್ ಪ್ರತಿನಿಧಿ ಸರ್ ಜಾನ್ ಆರ್ಡಾಗ್ ಅವರ ವಾದದ ಸಾರ. ಮೂವತ್ತೆಂಟು ಸಾಲದು, ನಲವತ್ತೈದು ಬೇಕು ಎಂಬ ವಾದವೂ ಇದೇ ನೆಲದಲ್ಲಿ ಬೆಳೆದದ್ದು. ಬ್ರಿಟನ್ 1907ರಲ್ಲಿ ಆ ಘೋಷಣೆಯನ್ನು ಒಪ್ಪಿಕೊಂಡಿತು.

ಷಿಕಾಗೋದ ಕಸಾಯಿಖಾನೆಯಲ್ಲಿ

1904ರಲ್ಲಿ ಅಮೆರಿಕದ ಸೈನ್ಯ ಈ ಪ್ರಶ್ನೆಗೆ ಉತ್ತರ ಹುಡುಕಲು ಇಬ್ಬರನ್ನು ನೇಮಿಸಿತು. ಒಬ್ಬರು ಶಸ್ತ್ರಾಸ್ತ್ರ ವಿಭಾಗದ ಜಾನ್ ಥಾಂಪ್ಸನ್. ಮುಂದೆ ಅಮೆರಿಕದ ದರೋಡೆಕೋರರ ಕೈಯಲ್ಲಿ ಕುಖ್ಯಾತವಾದ ಥಾಂಪ್ಸನ್ ಮೆಷಿನ್‌ಗನ್ನಿಗೆ ಹೆಸರು ಕೊಟ್ಟವರು ಇವರೇ. ಇನ್ನೊಬ್ಬರು ಮೇಲೆ ಹೇಳಿದ ವೈದ್ಯ ಲಗಾರ್ಡ್. ಷಿಕಾಗೋದ ಬೃಹತ್ ಕಸಾಯಿಖಾನೆಗಳಲ್ಲಿ ಜೀವಂತ ದನಗಳ ಮೇಲೆ ಬೇರೆ ಬೇರೆ ಅಳತೆಯ ಗುಂಡು ಹಾರಿಸಿ, ಅವು ಬೀಳಲು ಎಷ್ಟು ಹೊತ್ತು ಹಿಡಿಯಿತು ಎಂದು ಲೆಕ್ಕ ಹಾಕಿದರು. ಮನುಷ್ಯರ ಶವಗಳನ್ನು ನೇತುಹಾಕಿ ಗುಂಡು ಹಾರಿಸಿ, ಮೂಳೆ ಮುರಿದ ಬಗೆಯನ್ನೂ ಶವ ತೂಗಾಡಿದ ಪ್ರಮಾಣವನ್ನೂ ಬರೆದಿಟ್ಟರು. 7.65 ಮಿಲಿಮೀಟರಿನಿಂದ ಹಿಡಿದು ಬ್ರಿಟಿಷರ .476ರವರೆಗೆ ಹಲವು ಗುಂಡುಗಳು ಪರೀಕ್ಷೆಗೊಳಪಟ್ಟವು.

ಅವರ ತೀರ್ಮಾನ: ಸೈನ್ಯದ ಪಿಸ್ತೂಲಿನ ಗುಂಡು .45ಕ್ಕಿಂತ ಕಡಿಮೆಯಿರಬಾರದು. ಇಂದಿನ ವಿಜ್ಞಾನದ ಅಳತೆಗೋಲಿನಲ್ಲಿ ಈ ಪರೀಕ್ಷೆಗೆ ಬೆಲೆ ಕಡಿಮೆ. ದನಗಳ ಸಂಖ್ಯೆ ಸಣ್ಣದು, ಗುಂಡು ತಾಗಿದ ಜಾಗ ಒಂದೊಂದರಲ್ಲೂ ಬೇರೆ, ನಿಯಮಗಳು ಮಧ್ಯದಲ್ಲೇ ಬದಲಾದವು. ತೂಗುವ ಶವ ಓಡಿ ಬರುವ ಮನುಷ್ಯನಂತಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು: ಪಿಸ್ತೂಲಿನ ಯಾವ ಗುಂಡೂ ಮರ್ಮಸ್ಥಾನಕ್ಕೆ ತಾಗದಿದ್ದರೆ ನಂಬಲರ್ಹವಲ್ಲ, ಆದ್ದರಿಂದ ಸೈನಿಕರಿಗೆ ಗುರಿಯ ತರಬೇತಿಯನ್ನು ಬಿಡದೆ ಕೊಡಬೇಕು. ಚರಿತ್ರೆ ಮೊದಲ ಮಾತನ್ನು ನೆನಪಿಟ್ಟುಕೊಂಡಿತು, ಎರಡನೆಯದನ್ನು ಮರೆಯಿತು.

ಬುದ್ ದಾಹೋ: ಅಲ್ಲಿ ಯಾರ ಆತ್ಮರಕ್ಷಣೆ?

ಜೋಲೋ ದ್ವೀಪದಲ್ಲಿ ಬುದ್ ದಾಹೋ ಎಂಬ ಜ್ವಾಲಾಮುಖಿಯಿದೆ. ಅಮೆರಿಕದ ಆಳ್ವಿಕೆಯನ್ನೂ ತಲೆಗಂದಾಯವನ್ನೂ ಒಪ್ಪದ ನೂರಾರು ತೌಸುಗ್ ಜನ ಹೆಂಡತಿ ಮಕ್ಕಳೊಂದಿಗೆ ಅದರ ಬಾಯಿಯೊಳಗೆ ಹೋಗಿ ನೆಲೆಸಿದ್ದರು. ಆಗ ಮೋರೋ ಪ್ರಾಂತ್ಯದ ಗವರ್ನರಾಗಿದ್ದವರು ಜನರಲ್ ಲಿಯೊನಾರ್ಡ್ ವುಡ್, ಹಾರ್ವರ್ಡಿನಲ್ಲಿ ವೈದ್ಯಕೀಯ ಓದಿದವರು. 1906ರ ಮಾರ್ಚ್ ಮೊದಲ ವಾರದಲ್ಲಿ ಅಮೆರಿಕದ ಪಡೆ ಬೆಟ್ಟ ಹತ್ತಿತು. ಫಿರಂಗಿಗಳು, ಮೆಷಿನ್‌ಗನ್ನುಗಳು, ರೈಫಲ್ಲುಗಳು ಒಂದು ಕಡೆ. ಖಡ್ಗ, ಈಟಿ, ಕೆಲವು ಹಳೆಯ ಬಂದೂಕುಗಳು ಇನ್ನೊಂದು ಕಡೆ. ಎರಡು ಮೂರು ದಿನಗಳಲ್ಲಿ ಕಡಿಮೆಯೆಂದರೂ 600 ಮೋರೋಗಳು ಸತ್ತರು. ಸಾವಿರಕ್ಕೆ ಹತ್ತಿರ ಎನ್ನುವ ಅಂದಾಜುಗಳೂ ಇವೆ. ಅವರಲ್ಲಿ ಹೆಂಗಸರು, ಮಕ್ಕಳು ಬಹಳ. ಬದುಕುಳಿದವರು ಬೆರಳೆಣಿಕೆಯಷ್ಟು. ಅಮೆರಿಕದ ಕಡೆ ಸತ್ತವರು ಇಪ್ಪತ್ತರ ಆಸುಪಾಸು.

ಹೆಣಗಳು ತುಂಬಿದ ಕಂದಕದ ಮೇಲೆ ಸೈನಿಕರು ನಿಂತಿರುವ ಫೋಟೋ ಒಂದು ಅಮೆರಿಕವನ್ನು ತಲುಪಿತು. ಅದನ್ನು ನೋಡಿದ ಕರಿಯರ ನಾಯಕ, ವಿದ್ವಾಂಸ ಡಬ್ಲ್ಯು. ಇ. ಬಿ. ಡುಬಾಯ್ಸ್, ಯುದ್ಧವೆಂದರೇನೆಂದು ವಿದ್ಯಾರ್ಥಿಗಳಿಗೆ ತಿಳಿಯಲು ಇದನ್ನು ತರಗತಿಯ ಗೋಡೆಗೆ ಹಾಕಬೇಕೆಂದು ಬಯಸಿದರು. ಮಾರ್ಕ್ ಟ್ವೇನ್ ಇದರ ಬಗ್ಗೆ ಕಟುವಾಗಿ ಬರೆದರು. ಅದು ಪ್ರಕಟವಾದದ್ದು ಅವರ ಮರಣಾನಂತರ. ಆ ದೇಶದ ಆತ್ಮಸಾಕ್ಷಿ ಪೂರ್ತಿ ಸತ್ತಿರಲಿಲ್ಲ ಎಂಬುದನ್ನೂ ನಾವು ಹೇಳಬೇಕು.

ಅಂದಹಾಗೆ, ಬುದ್ ದಾಹೋದಲ್ಲಿ ಪಿಸ್ತೂಲಿನ ಅಳತೆಯ ಪ್ರಶ್ನೆಯೇ ಇರಲಿಲ್ಲ. ಅಲ್ಲಿ ಸತ್ತವರು ಮೂವತ್ತೆಂಟರಿಂದಲೂ ಸಾಯಲಿಲ್ಲ, ನಲವತ್ತೈದರಿಂದಲೂ ಸಾಯಲಿಲ್ಲ. ಫಿರಂಗಿ ಮತ್ತು ರೈಫಲ್ಲಿನ ಮುಂದೆ ಖಡ್ಗ ಎಷ್ಟು ಅಸಹಾಯಕ ಎಂಬುದು ಅಲ್ಲಿನ ನಿಜ. ಆದರೆ ಬಂದೂಕಿನ ಸಾಹಿತ್ಯದಲ್ಲಿ ಉಳಿದದ್ದು ಖಡ್ಗ ಹಿಡಿದ ಒಬ್ಬನ ಎದುರು ಸಿಕ್ಕಿಬಿದ್ದ ಒಬ್ಬ ಅಧಿಕಾರಿಯ ಚಿತ್ರ. ಆ ಒಬ್ಬ ಅಧಿಕಾರಿಯ ಭಯ ನಿಜವಾದದ್ದೇ. ಆದರೆ ಅದೊಂದೇ ಚಿತ್ರವನ್ನು ನೂರು ವರ್ಷ ತೋರಿಸುತ್ತಿದ್ದರೆ ಬೆಟ್ಟದ ಮೇಲಿನ ಆ ಕಂದಕ ಕಣ್ಣಿಗೆ ಬೀಳುವುದಿಲ್ಲ.

1911: ಒಂದೇ ವರ್ಷದ ಎರಡು ಆದೇಶಗಳು

ಷಿಕಾಗೋದ ತೀರ್ಮಾನದ ನಂತರ ಹಲವು ವರ್ಷ ಪರೀಕ್ಷೆಗಳು ನಡೆದವು. ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಪಿಸ್ತೂಲು 6000 ಗುಂಡುಗಳನ್ನು ಒಮ್ಮೆಯೂ ಕೈಕೊಡದೆ ಹಾರಿಸಿ ಗೆದ್ದಿತು. 1911ರ ಮಾರ್ಚ್ 29ರಂದು ಸೈನ್ಯ ಅದನ್ನು ಅಂಗೀಕರಿಸಿತು. ಪ್ರಸಿದ್ಧ .45 ಪಿಸ್ತೂಲು ಅದೇ. ಮೋರೋಗಳಿಗಾಗಿ ಹುಟ್ಟಿತೆನ್ನುವ ಈ ಪಿಸ್ತೂಲು ಕೈಗೆ ಬರುವ ಹೊತ್ತಿಗೆ ಅಲ್ಲಿನ ಪ್ರಮುಖ ಕದನಗಳಲ್ಲಿ ಹೆಚ್ಚಿನವು ಮುಗಿದಿದ್ದವು.

ಅದೇ 1911ರ ಸೆಪ್ಟೆಂಬರಿನಲ್ಲಿ ಮೋರೋ ಪ್ರಾಂತ್ಯದ ಗವರ್ನರ್ ಜಾನ್ ಪರ್ಶಿಂಗ್ ಇನ್ನೊಂದು ಆದೇಶ ಹೊರಡಿಸಿದರು. ಮೋರೋಗಳು ತಮ್ಮ ಬಂದೂಕು, ಖಡ್ಗಗಳನ್ನು ಸರಕಾರಕ್ಕೆ ಒಪ್ಪಿಸಬೇಕು. ಒಂದೇ ವರ್ಷದಲ್ಲಿ ಒಬ್ಬನಿಗೆ ಆತ್ಮರಕ್ಷಣೆಗೆ ಇನ್ನೂ ದೊಡ್ಡ ಗುಂಡು, ಇನ್ನೊಬ್ಬನ ಕೈಯಿಂದ ಅಜ್ಜನ ಕಾಲದ ಖಡ್ಗವೂ ಹೊರಗೆ! ಒಪ್ಪದವರು ಬುದ್ ಬಗ್ಸಾಕ್ ಬೆಟ್ಟ ಹತ್ತಿದರು. 1913ರ ಜೂನಿನಲ್ಲಿ ಅಲ್ಲಿಯೂ ನೂರಾರು ಮಂದಿ ಸತ್ತರು.

ಈ ಪರ್ಶಿಂಗ್ ಹೆಸರಿನಲ್ಲಿ ಇನ್ನೊಂದು ಕಥೆ ಇತ್ತೀಚಿನವರೆಗೂ ಓಡಾಡಿದೆ. ಹಂದಿಯ ರಕ್ತದಲ್ಲಿ ಅದ್ದಿದ ಗುಂಡುಗಳಿಂದ ಅವರು ಮುಸ್ಲಿಮ್ ಕೈದಿಗಳನ್ನು ಕೊಂದರಂತೆ, ಆಮೇಲೆ ಭಯೋತ್ಪಾದನೆ ನಿಂತಿತಂತೆ. ಡೊನಾಲ್ಡ್ ಟ್ರಂಪ್ 2016ರ ಚುನಾವಣಾ ಪ್ರಚಾರದಲ್ಲಿ ಇದನ್ನು ಹೇಳಿದರು, 2017ರಲ್ಲಿ ಅಧ್ಯಕ್ಷರಾಗಿ ಮತ್ತೆ ನೆನಪಿಸಿದರು. ಆ ಕಾಲದಲ್ಲಿ ಸತ್ತ ದಾಳಿಕೋರರನ್ನು ಹಂದಿಯೊಂದಿಗೆ ಹೂಳಿದ ಉಲ್ಲೇಖ ಪರ್ಶಿಂಗರ ನೆನಪುಗಳಲ್ಲಿದೆ. ಆದರೆ ರಕ್ತದ ಗುಂಡುಗಳ ಕಥೆಗೆ ಆಧಾರವಿಲ್ಲವೆಂದು ಇತಿಹಾಸಕಾರರು ಸ್ಪಷ್ಟಪಡಿಸಿದ್ದಾರೆ. ಹಾಗಿದ್ದೂ ಅದು ಓಡಾಡುತ್ತಿದೆ.

ಲೆಕ್ಕ ತಿರುಗಿದ ಬಗೆ

ನಲವತ್ತೈದೇ ಸರಿಯಾಗಿದ್ದರೆ ವಾದ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೊದಲ ಮಹಾಯುದ್ಧದ ನಂತರ ಬ್ರಿಟಿಷರೇ ತಮ್ಮ ದಪ್ಪ .455ನ್ನು ಬಿಟ್ಟು .38ಕ್ಕೆ ಬಂದರು. ಬೇಗ ಬೇಗ ಸೇರಿಸಿಕೊಂಡ ಸೈನಿಕರಿಗೆ ಒದೆತ ಕಡಿಮೆಯ ರಿವಾಲ್ವರಿನಲ್ಲಿ ಗುರಿ ಕಲಿಸುವುದು ಸುಲಭ ಎಂಬುದು ಕಾರಣ. 1985ರಲ್ಲಿ ಅಮೆರಿಕದ ಸೈನ್ಯವೇ .45ನ್ನು ಬಿಟ್ಟು 9 ಮಿಲಿಮೀಟರಿನ ಬೆರೆಟ್ಟಾ ಪಿಸ್ತೂಲನ್ನು ಆರಿಸಿಕೊಂಡಿತು.

ಮರುವರ್ಷ, 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಂದಿಗೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತರು, ಐವರು ಗಾಯಗೊಂಡರು. ದರೋಡೆಕೋರನೊಬ್ಬನಿಗೆ ಆರಂಭದಲ್ಲೇ ತಾಗಿದ 9 ಮಿಲಿಮೀಟರ್ ಗುಂಡು ಹೃದಯದವರೆಗೆ ಹೋಗದೆ ನಿಂತಿತ್ತು. ಅವನು ಹೋರಾಟ ಮುಂದುವರಿಸಿದನು. ದೋಷ ಗುಂಡಿನ ಅಳತೆಯ ಮೇಲೆ ಬಂತು. 10 ಮಿಲಿಮೀಟರ್ ಬಂತು, ಅದರ ಒದೆತ ತಾಳದೆ 1990ರಲ್ಲಿ .40 ಬಂತು. ದೇಶದ ಪೊಲೀಸರೆಲ್ಲ ಅದರ ಹಿಂದೆ ಹೋದರು. 2014ರಲ್ಲಿ ಎಫ್‌ಬಿಐ ಮತ್ತೆ ಲೆಕ್ಕ ಹಾಕಿ 9 ಮಿಲಿಮೀಟರೇ ಸಾಕೆಂದು ಹೇಳಿತು.

ಕಾರಣ ಸರಳ. ಗುಂಡು ತಾಗಿ ಮನುಷ್ಯ ಹಿಂದಕ್ಕೆ ಹಾರಿ ಬೀಳುವುದು ಸಿನೆಮಾದಲ್ಲಿ ಮಾತ್ರ. ಹಾಗೆ ಎತ್ತಿ ಒಗೆಯುವ ಬಲವಿದ್ದರೆ ಹಾರಿಸಿದವನೂ ಹಿಂದಕ್ಕೆ ಬೀಳಬೇಕಾಗುತ್ತದೆ, ನ್ಯೂಟನ್ನನ ನಿಯಮವದು. ಪಿಸ್ತೂಲಿನ ಗುಂಡು ತಾನು ಹಾದು ಹೋದ ದಾರಿಯನ್ನಷ್ಟೇ ಹರಿಯುತ್ತದೆ. ಹೃದಯವೇ ಒಡೆದರೂ ಮಿದುಳಿನಲ್ಲಿ ಹತ್ತು ಹದಿನೈದು ಸೆಕೆಂಡಿಗೆ ಸಾಕಾಗುವಷ್ಟು ಆಮ್ಲಜನಕ ಉಳಿದಿರುತ್ತದೆ ಎಂದು ಎಫ್‌ಬಿಐ 1989ರಲ್ಲೇ ಹೇಳಿತ್ತು. ಗುಂಡು ತಾಗಿಯೂ ಓಡಿ ಬಂದ ಮೋರೋನ ‘ಹುಚ್ಚಿಗೆ’ ಶರೀರಶಾಸ್ತ್ರ ಕೊಡುವ ವಿವರಣೆ ಇದು. ಸಮಾರಿನ ಕೈದಿಗೂ, ಮಯಾಮಿಯ ದರೋಡೆಕೋರನಿಗೂ ಇದೇ ವಿವರಣೆ. ಇದರಲ್ಲಿ ಮತವೂ ಇಲ್ಲ, ಅಮಲೂ ಬೇಕಿಲ್ಲ. ಎಫ್‌ಬಿಐನ 2014ರ ಅದೇ ಟಿಪ್ಪಣಿ ಇನ್ನೂ ಒಂದು ಸಂಗತಿ ಹೇಳುತ್ತದೆ: ತರಬೇತಿ ಪಡೆದ ಪೊಲೀಸರೇ ಕಾಳಗದಲ್ಲಿ ಹಾರಿಸಿದ ಗುಂಡುಗಳಲ್ಲಿ ನೂರಕ್ಕೆ 70ರಿಂದ 80 ಗುರಿ ತಪ್ಪುತ್ತವೆ.

ಹಾಗಾದರೆ ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿ ಪಿಸ್ತೂಲಿಟ್ಟುಕೊಂಡ ಗೃಹಸ್ಥನ ಗತಿ? 1993ರಲ್ಲಿ ಆರ್ಥರ್ ಕೆಲರ್ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ, ಬಂದೂಕಿರುವ ಮನೆಯಲ್ಲಿ ಕೊಲೆಯ ಸಾಧ್ಯತೆ ಬಂದೂಕಿಲ್ಲದ ಮನೆಗಿಂತ 2.7 ಪಟ್ಟು ಹೆಚ್ಚೆಂದು ಕಂಡಿತು. ಆ ಅಧ್ಯಯನದ ವಿಧಾನದ ಬಗ್ಗೆ ತಕರಾರುಗಳಿವೆ. ತಕರಾರಿಲ್ಲದ ಲೆಕ್ಕ ಇನ್ನೊಂದಿದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830. ಅವರಲ್ಲಿ 26,328 ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಕಳ್ಳನಿಗೆಂದು ತಂದಿಟ್ಟದ್ದು ಬಹಳ ಸಲ ತಿರುಗಿದ್ದು ಮನೆಯವರ ಕಡೆಗೇ. ಆ ಹೊತ್ತಿನಲ್ಲಿ ಒಂಬತ್ತೋ ನಲವತ್ತೈದೋ ಎಂಬ ಪ್ರಶ್ನೆಗೆ ಅರ್ಥವೇನು?

ನಮ್ಮ ನೆಲದಲ್ಲಿ

ನಮ್ಮ ದೇಶದಲ್ಲಿ ಈ ಆಯ್ಕೆ ಸಾಮಾನ್ಯನ ಮುಂದೆ ಬರುವುದೇ ಇಲ್ಲ. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ತಂದ ಶಸ್ತ್ರ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿತು, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಆತ್ಮರಕ್ಷಣೆಯ ಹಕ್ಕಿಗೂ ಅಲ್ಲಿ ಬಣ್ಣವಿತ್ತು. ಸ್ವತಂತ್ರ ಭಾರತದ 1959ರ ಕಾಯ್ದೆ ಆ ಜನಾಂಗಭೇದವನ್ನು ತೆಗೆಯಿತು. ಆದರೆ 9 ಮಿಲಿಮೀಟರ್, .38, .455 ಮೊದಲಾದ ಸೈನ್ಯ ಮತ್ತು ಪೊಲೀಸರ ಅಳತೆಗಳು ನಿಷೇಧಿತ ಬೋರ್ ಎಂದು ಸಾಮಾನ್ಯರ ಕೈಗೆ ಸಿಗುವುದಿಲ್ಲ. ಲೈಸೆನ್ಸ್ ಸಿಕ್ಕವನಿಗೂ ಹೆಚ್ಚಾಗಿ ಸಿಗುವುದು .32. ದೆಹಲಿಯ 2012ರ ಡಿಸೆಂಬರ್ 16ರ ಘಟನೆಯ ನಂತರ, 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಮಹಿಳೆಯರಿಗೆಂದು ‘ನಿರ್ಭೀಕ್’ ಎಂಬ ಹಗುರ .32 ರಿವಾಲ್ವರ್ ಹೊರತಂದಿತು. ಬೆಲೆ 1,22,360 ರೂಪಾಯಿ! ಬಸ್ಸಿನಲ್ಲಿ ಓಡಾಡುವ ಹೆಣ್ಣುಮಗಳಿಗೆ ಅದರಿಂದ ಯಾವ ರಕ್ಷಣೆ?

ಇನ್ನು ಸಣ್ಣ ಗುಂಡು ‘ಸಾಲದು’ ಎಂಬ ವಾದ. 1948ರ ಜನವರಿ 30ರಂದು ಗಾಂಧೀಜಿಯವರ ಮೈಗೆ ಹೊಕ್ಕದ್ದು ಬೆರೆಟ್ಟಾ ಪಿಸ್ತೂಲಿನ 9 ಮಿಲಿಮೀಟರಿನ ಗಿಡ್ಡ ತೋಟಾದ ಮೂರು ಗುಂಡುಗಳು. ಸಾಮಾನ್ಯ 9 ಮಿಲಿಮೀಟರ್ ತೋಟಾಕ್ಕಿಂತಲೂ ದುರ್ಬಲವಾದದ್ದು ಅದು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದು 7.65 ಮಿಲಿಮೀಟರಿನ ನಾಡ ಪಿಸ್ತೂಲು ಎಂದು ತನಿಖೆಯಲ್ಲಿ ಕಂಡುಬಂತು. ತೋಟಾದ ಬಗೆ ಬೇರೆಯಾದರೂ, 7.65 ಎಂಬ ಅಳತೆ ಷಿಕಾಗೋದ ಪಟ್ಟಿಯಲ್ಲಿ ತೀರಾ ಸಣ್ಣದೆಂದು ತಳ್ಳಿಹಾಕಿದ್ದು. ಮನೆಯ ಬಾಗಿಲಲ್ಲಿ ನಿಂತ ನಿರಾಯುಧ ಮನುಷ್ಯನಿಗೆ ಅದು ಸಾಕಾಯಿತು.

ನಮ್ಮ ಕಾನೂನು ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿದೆ. 1860ರ ದಂಡಸಂಹಿತೆಯ 96ರಿಂದ 106ರವರೆಗಿನ ಸೆಕ್ಷನ್ನುಗಳು ಅದಕ್ಕೇ ಮೀಸಲಾಗಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗೆ ಅವು ಮುಂದುವರಿದಿವೆ. ಆದರೆ ಅದರೊಳಗೇ ಒಂದು ಗೆರೆಯಿದೆ: ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡಕೂಡದು. ಈ ಗೆರೆಯನ್ನು ಅಳಿಸುವ ಮಾತುಗಳನ್ನು ನಾವು ನಮ್ಮ ರಾಜ್ಯದಲ್ಲೇ ಕೇಳಿದ್ದೇವೆ. 2022ರ ಡಿಸೆಂಬರಿನಲ್ಲಿ ಶಿವಮೊಗ್ಗದ ವೇದಿಕೆಯೊಂದರಿಂದ ಆಗಿನ ಸಂಸದೆಯೊಬ್ಬರು ಆತ್ಮರಕ್ಷಣೆಯ ಹೆಸರಿನಲ್ಲಿ, ಮನೆಯ ಚಾಕುಗಳನ್ನಾದರೂ ಹರಿತವಾಗಿಟ್ಟುಕೊಳ್ಳಿ ಎಂದು ಕರೆಕೊಟ್ಟರು. ಯಾವ ಸಮುದಾಯದ ವೇದಿಕೆಯಿಂದ ಬಂದರೂ ಇಂತಹ ಮಾತಿನ ಮೊದಲ ಕೆಲಸ ಒಂದೇ: ಪಕ್ಕದ ಮನೆಯವನನ್ನು, ಗುಂಡು ತಾಗಿದರೂ ನಿಲ್ಲದ ಆ ಕಥೆಯ ‘ಮತಾಂಧ’ನನ್ನಾಗಿ ಮಾಡುವುದು. ಒಮ್ಮೆ ಹಾಗೆ ಮಾಡಿದ ಮೇಲೆ ಆಯುಧದ ಅಳತೆಯೊಂದೇ ಚರ್ಚೆಗೆ ಉಳಿಯುತ್ತದೆ.

ಮೂವತ್ತೆಂಟೋ ನಲವತ್ತೈದೋ ಎಂದು ಷಿಕಾಗೋದಲ್ಲಿ ಕೇಳುತ್ತಿದ್ದ ವರ್ಷವೇ ಸುಲುವಿನ ಒಪ್ಪಂದ ಮುರಿದುಬಿತ್ತು. ಕೊಟ್ಟ ಮಾತನ್ನು ಉಳಿಸಿಕೊಂಡಿದ್ದರೆ, ಜೋಲೋದ ಕಾಡಿನಲ್ಲಿ ಆ ಅಧಿಕಾರಿ ರಿವಾಲ್ವರ್ ಹಿಡಿದು ನಡುಗುವ ಸಂದರ್ಭವೇ ಬರುತ್ತಿತ್ತೋ ಇಲ್ಲವೋ. ಆ ಪ್ರಶ್ನೆಯನ್ನು ಯಾವ ಸಮಿತಿಯೂ ಪರೀಕ್ಷೆಗೆ ಒಡ್ಡಲಿಲ್ಲ. ನಮ್ಮ ಊರುಗಳಲ್ಲಿ ನೆರೆಹೊರೆಯವರ ಜೊತೆಗಿನ ಮಾತು ಇನ್ನೂ ಮುರಿದಿಲ್ಲ. ಅದನ್ನು ಉಳಿಸಿಕೊಳ್ಳುವುದಕ್ಕೆ ಲೈಸೆನ್ಸ್ ಬೇಡ, ಲಕ್ಷ ರೂಪಾಯಿಯೂ ಬೇಡ.